ಸೊನ್ನೆಯ ಪಾಠ ಮಾಡಿದವರು ಹಣಮಂತರಾಯರು

೨೦೨೪ನೆಯ ಇಸವಿ ಫೆಬ್ರವರಿ ೧೮ರ ಭಾನುವಾರ, ಹೈದರಾಬಾದಿನ ಕುಷಾಯಿಗೂಡದ ಕನ್ನಡ ನೆರೆಹೊರೆ ಬಳಗದ ಕಾರ್ಯಕಾರಿ ಸಮಿತಿಯು ಒಂದು ಠರಾವು ಪಾಸು ಮಾಡಿ ಹಣಮಂತರಾಯರಿಗೆ ದೊಡ್ಡ ಅನ್ಯಾಯವೊಂದನ್ನು ಎಸಗಿತು. ಅವರು ಯಾವ ತಪ್ಪನ್ನೂ ಮಾಡಿಲ್ಲವೆಂದು ಅದು ತೀರ್ಮಾನಿಸಿತು.

ಅದೇ ಠರಾವಿನಲ್ಲಿ ಇನ್ನೊಂದು ಅನ್ಯಾಯವೂ ಇತ್ತು. ಬಳಗದ ಉಚಿತ ಕಂಪ್ಯೂಟರ್ ತರಗತಿಯಲ್ಲಿ ಭಾನುವಾರದ ಪಾಠ ಮಾಡುತ್ತಿದ್ದ ದಾನೇಶ್ವರಿಯವರೇ ನೌಕರಿಯ ಪರೀಕ್ಷೆಯಲ್ಲಿ ಮಕ್ಕಳು ಸೋತದ್ದಕ್ಕೆ ಪೂರ್ತಿ ಹೊಣೆ ಎಂದು ಬರೆದು, ಅವರನ್ನು ತರಗತಿಯಿಂದ ಬಿಡಿಸಲಾಗಿತ್ತು. ನ್ಯಾಯದ ದೃಷ್ಟಿಯಿಂದ ಇದೇ ಹೆಚ್ಚು ಘೋರವಾದುದು. ಆದರೆ ಹಣಮಂತರಾಯರಿಗೆ ಊಟ ಸೇರದಂತೆ ಮಾಡಿದ್ದು ಮೊದಲನೆಯದು. ಅದು ಏಕೆಂದು ತಿಳಿಯಬೇಕಾದರೆ ಅವರು ಎಂಥವರು, ದಾನೇಶ್ವರಿಯವರು ಎಂಥವರು, ಕಂಪ್ಯೂಟರಿನ ಸಿ ಭಾಷೆಯಲ್ಲಿ ಫಂಕ್ಷನ್ ಎಂಬ ಆಜ್ಞೆಗಳ ಕಟ್ಟು ತನ್ನ ಕೆಲಸ ಮುಗಿದ ಮೇಲೆ ಕರೆದವರಿಗೆ ಏನನ್ನು ಮರಳಿ ಕೊಡುತ್ತದೆ ಎಂಬುದನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ಹಣಮಂತರಾಯರು ಕಲಬುರಗಿ ಜಿಲ್ಲೆಯ ಸೇಡಂ ಕಡೆಯವರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ೧೯೭೯ರಲ್ಲಿ ಹೈದರಾಬಾದಿಗೆ ಬಂದು, ಬಾಲಾನಗರದ ಒಂದು ಖಾಸಗಿ ಉಪಕರಣ ಕಾರ್ಖಾನೆಗೆ ಸೇರಿದರು. ಆ ಕಾರ್ಖಾನೆ ಈಗ ಇಲ್ಲ. ಅದರ ಜಾಗದಲ್ಲಿ ಸಿಮೆಂಟಿನ ಗೋದಾಮು ಇದೆ. ಅಲ್ಲಿ ಅವರು ತಯಾರಾದ ಸರ್ಕಿಟ್ ಬೋರ್ಡುಗಳನ್ನು ಪರೀಕ್ಷಿಸುವ ವಿಭಾಗದಲ್ಲಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ಆ ವಿಭಾಗಕ್ಕೆ ಕಂಪ್ಯೂಟರ್ ಬಂದಿತು, ಅದರೊಡನೆ ಸಿ ಭಾಷೆಯೂ ಬಂದಿತು. ಮನೆಯಲ್ಲಿ ಕನ್ನಡ, ಕಾರ್ಖಾನೆಯಲ್ಲಿ ತೆಲುಗು, ಮೇಸ್ತ್ರಿಗಳೊಂದಿಗೆ ಹಿಂದಿ ಆಡುತ್ತಿದ್ದ ಅವರಿಗೆ ಈ ನಾಲ್ಕನೆಯ ಭಾಷೆಯೇ ಎಲ್ಲಕ್ಕಿಂತ ಹೆಚ್ಚು ಒಗ್ಗಿತು. ಅದರಲ್ಲಿ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಅವರ ಸೇವಾವಧಿಯ ಹೆಗ್ಗಳಿಕೆಯೂ ಒಂದು ಫಂಕ್ಷನ್ನಿನದೇ. ಬೋರ್ಡು ಸರಿಯಿದ್ದರೆ ಒಂದು ಎಂದೂ ಕೆಟ್ಟಿದ್ದರೆ ಸೊನ್ನೆ ಎಂದೂ ಮರಳಿ ಕೊಡಬೇಕಾದ ಫಂಕ್ಷನ್ನೊಂದರಲ್ಲಿ, ಅದನ್ನು ಬರೆದವರು ಒಂದು ಕವಲಿನ ಕೊನೆಗೆ ರಿಟರ್ನ್ ಎಂಬ ಆಜ್ಞೆಯನ್ನು ಮರೆತಿದ್ದರು. ಉತ್ತರ ಕೊಡುತ್ತೇನೆಂದು ಮಾತು ಕೊಟ್ಟ ಫಂಕ್ಷನ್ ಕೊಡದೆ ಹೋದರೆ ಯಂತ್ರವೇನೂ ನಿಲ್ಲುವುದಿಲ್ಲ. ಉತ್ತರ ಬರಬೇಕಾದ ಜಾಗದಲ್ಲಿ ಹಿಂದಿನ ಯಾವುದೋ ಲೆಕ್ಕದ ಕಸ ಬಿದ್ದಿದ್ದರೆ, ಕರೆದವನು ಅದನ್ನೇ ಉತ್ತರವೆಂದು ಎತ್ತಿಕೊಳ್ಳುತ್ತಾನೆ. ಹಾಗೆ ಕೆಟ್ಟ ಬೋರ್ಡುಗಳು ಸರಿಯೆಂದು ದಾಟಿ ಹೋಗುತ್ತಿದ್ದವು. ಅದನ್ನು ಹಿಡಿದವರು ಹಣಮಂತರಾಯರು. ಮ್ಯಾನೇಜರು ಎಲ್ಲರ ಎದುರಿನಲ್ಲಿ ಅವರ ಕೈ ಕುಲುಕಿದರು. ಅಂದಿನಿಂದ ಅವರ ದೃಷ್ಟಿಯಲ್ಲಿ ಲೋಕದಲ್ಲಿ ಇರುವವರು ಎರಡೇ ಬಗೆಯ ಜನ: ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗುವವರು, ಕೊಡದೆ ಹೋಗುವವರು.

ನಿವೃತ್ತರಾದ ಮೇಲೆ ಭವಿಷ್ಯನಿಧಿಯ ಸಣ್ಣ ಪಿಂಚಣಿಯಲ್ಲಿ ಕುಷಾಯಿಗೂಡದಲ್ಲಿ ನೆಲೆಸಿ, ಬಳಗದ ಸಭೆಯ ಹಾಲಿನಲ್ಲಿ ಶನಿವಾರ ಮಧ್ಯಾಹ್ನ ಸಿ ಭಾಷೆ ಕಲಿಸತೊಡಗಿದರು. ಕಟ್ಟಡದ ಕೆಲಸಕ್ಕೆಂದು ಯಾದಗಿರಿ, ರಾಯಚೂರು ಕಡೆಯಿಂದ ಬಂದವರ ಮಕ್ಕಳು, ಅಂಗಡಿಗಳಲ್ಲಿ ಗುಮಾಸ್ತರಾಗಿದ್ದವರ ಮಕ್ಕಳು ಬರುತ್ತಿದ್ದರು. ಎಲ್ಲರೂ ಡಿಗ್ರಿ ಓದುವವರು. ಕಾಲೇಜಿನ ಪಾಠ ತಲೆಗೆ ಹತ್ತದೆ, ಕನ್ನಡದಲ್ಲಿ ಹೇಳುವವರಿದ್ದಾರಂತೆ ಎಂದು ಕೇಳಿ ಬಂದವರು. ಹಣಮಂತರಾಯರು ಹೇಳುತ್ತಿದ್ದರು. ತಪ್ಪಿಲ್ಲದೆ ಹೇಳುತ್ತಿದ್ದರು. ಫಂಕ್ಷನ್ ಕರೆಯಲ್ಪಟ್ಟಾಗ ಸ್ಮರಣೆಯಲ್ಲಿ ಅದಕ್ಕೆ ಎಲ್ಲಿ ಜಾಗ ಸಿಗುತ್ತದೆ, ಅದು ಮುಗಿದೊಡನೆ ಆ ಜಾಗ ಹೇಗೆ ಇಲ್ಲವಾಗುತ್ತದೆ, ಮರಳಿ ಬರುವ ಮೌಲ್ಯದ ನಕಲು ಪ್ರೊಸೆಸರಿನ ಯಾವ ಮೂಲೆಯ ಮೂಲಕ ಕರೆದವನ ಕೈ ಸೇರುತ್ತದೆ ಎಂದೆಲ್ಲ ಕಪ್ಪು ಹಲಗೆಯ ಮೇಲೆ ಚೌಕಗಳನ್ನು ಬರೆದು ವಿವರಿಸುತ್ತಿದ್ದರು. ಮೊದಲ ತಿಂಗಳು ಯಾರೂ ಕಂಪ್ಯೂಟರನ್ನು ಮುಟ್ಟುವಂತಿರಲಿಲ್ಲ. ತರಗತಿ ಎಷ್ಟು ನಿಶ್ಶಬ್ದವಾಗಿರುತ್ತಿತ್ತೆಂದರೆ, ಆ ನಿಶ್ಶಬ್ದವನ್ನು ಅವರು ಗಮನವೆಂದೇ ತಿಳಿದಿದ್ದರು.

ಅದು ಗಮನವಲ್ಲವೆಂದು ಗೊತ್ತಾದದ್ದು ದಾನೇಶ್ವರಿಯವರು ಬಂದ ಮೇಲೆ.

ದಾನೇಶ್ವರಿಯವರು ರಾಯಚೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಉಪನ್ಯಾಸಕಿಯಾಗಿದ್ದವರು. ಪತಿಗೆ ವರ್ಗವಾದ್ದರಿಂದ ಉಪ್ಪಲ್‌ಗೆ ಬಂದು, ಅಲ್ಲಿಯ ಖಾಸಗಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದರು. ನಲವತ್ತೈದರ ಆಸುಪಾಸು. ಬಳಗದ ಅಧ್ಯಕ್ಷ ಗುರುಬಸವರು (ಬಾಲಾನಗರದಲ್ಲಿ ಬೇರಿಂಗ್ ಅಂಗಡಿ ಇಟ್ಟುಕೊಂಡವರು, ಮಾತಿನಲ್ಲಿ ಧಾರಾಳಿ) ಅವರನ್ನು ಕರೆತಂದು, ರಾಯರಿಗೆ ವಯಸ್ಸಾಯಿತು, ಮಕ್ಕಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ರೂಢಿ ಮಾಡಿಸಲು ಒಬ್ಬರು ಜೊತೆಗಿರಲಿ ಎಂದರು. ಹಣಮಂತರಾಯರು ಸಂತೋಷವೆಂದರು. ಆ ಸಂತೋಷ ಎರಡು ಶನಿವಾರ ಬಾಳಿತು. ಮೂರನೆಯ ಶನಿವಾರ, ಹಲಗೆಯ ಮುಂದೆ ನಿಂತಿದ್ದವರು ಅವರಾದರೂ ಮಕ್ಕಳು ಸಂಶಯ ಕೇಳಿದ್ದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಆಕೆಯನ್ನು.

ಅವರು ಆ ವಾರವೇ ಗುರುಬಸವರ ಅಂಗಡಿಗೆ ಹೋಗಿ, ಒಂದು ಪಾಠಕ್ಕೆ ಇಬ್ಬರು ಶಿಕ್ಷಕರಿದ್ದರೆ ಮಕ್ಕಳಿಗೆ ಗೊಂದಲವಾಗುತ್ತದೆಂದು ವಾದಿಸಿ, ಶನಿವಾರ ತಮಗೆ, ಭಾನುವಾರ ಆಕೆಗೆ, ಒಬ್ಬರ ಪಾಠಕ್ಕೆ ಇನ್ನೊಬ್ಬರು ಕಾಲಿಡಕೂಡದು, ಒಬ್ಬರ ವಿಷಯವನ್ನು ಇನ್ನೊಬ್ಬರು ಮುಟ್ಟಕೂಡದು ಎಂದು ನಿಯಮ ಬರೆಯಿಸಿದರು. ಸಿ ಭಾಷೆಯ ತಳಹದಿ ಅವರ ಪಾಲಿಗೆ. ಫಂಕ್ಷನ್ ಬರೆಯುವ ಅಭ್ಯಾಸ ಆಕೆಯ ಪಾಲಿಗೆ. ದಾನೇಶ್ವರಿಯವರು ಕೇಳಿದೊಡನೆ ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದ್ದೂ ಹಣಮಂತರಾಯರಿಗೆ ಸೇರಲಿಲ್ಲ.

ಇನ್ನೊಬ್ಬರ ಪಾಠಕ್ಕೆ ಕಾಲಿಡಬಾರದೆಂದು ನಿಯಮವಿತ್ತೇ ಹೊರತು ಕಿವಿಯಿಡಬಾರದೆಂದಿರಲಿಲ್ಲ. ಭಾನುವಾರ ಅವರು ಹಾಲಿನ ಹೊರಗಿನ ನೋಟಿಸ್ ಬೋರ್ಡಿನ ಧೂಳು ಒರೆಸಲು ಹೋಗತೊಡಗಿದರು. ಬೋರ್ಡು ಕಿಟಕಿಯ ಪಕ್ಕದಲ್ಲಿತ್ತು. ಒಳಗೆ ಆಕೆ ಕೈಯಲ್ಲೊಂದು ಸ್ಟೀಲಿನ ಬಟ್ಟಲು ಹಿಡಿದು ನಿಂತಿದ್ದರು.

"ಬಾಜೂ ಮನಿಯವರು ಬಟ್ಟಲದಾಗ ಹುಗ್ಗಿ ಹಾಕಿ ಕಳಿಸ್ಯಾರ. ನೀವು ತಿಂದ್ರಿ. ತಿರುಗಿ ಕೊಡೂಮುಂದ ಬರೇ ಬಟ್ಟಲ ಒಯ್ತೀರೇನು?"

"ಇಲ್ರಿ ಮೇಡಂ, ನಮ್ಮವ್ವ ಬಡೀತಾಳ್ರಿ," ಎಂದಿತು ಒಂದು ದನಿ.

"ಮತ್ತೇನ್ ಹಾಕ್ತೀರಿ?"

ಸಕ್ಕರೆ ಎಂದರು ಕೆಲವರು, ಹಿಡಿ ಅಕ್ಕಿ ಎಂದರು ಕೆಲವರು. ತಮ್ಮ ಮನೆಯಲ್ಲಿ ಏನೂ ಇಲ್ಲದಿದ್ದರೆ ಎರಡು ಹರಳು ಉಪ್ಪಾದರೂ ಹಾಕುತ್ತಾರೆಂದು ಶರ್ವರಿ ಎಂಬ ಹುಡುಗಿ ಹೇಳಿದಳು. ಕೋಣೆ ನಗುವಿನಿಂದ ತುಂಬಿತು. ಹಾಗೆಯೇ ಫಂಕ್ಷನ್ನೂ ಎಂದರು ದಾನೇಶ್ವರಿ. ಹೆಸರಿನ ಹಿಂದೆ ಇಂಟ್, ಅಂದರೆ ಪೂರ್ಣಾಂಕ, ಎಂದು ಹೇಳಿಕೊಂಡ ಫಂಕ್ಷನ್ ಬಟ್ಟಲನ್ನು ಬರಿದಾಗಿ ಮರಳಿಸಬಾರದು. ಕೊಡುವುದು ಒಂದೇ ಬಟ್ಟಲು, ಎರಡಲ್ಲ. ಇಂಟ್ ಎಂಬ ಬಟ್ಟಲಿನಲ್ಲಿ ಇಡಿ ಉಂಡಿ ಮಾತ್ರ ಕೂರುತ್ತದೆ. ಮೂರೂಮುಕ್ಕಾಲು ಉಂಡಿ ಇಟ್ಟರೆ ಮುಕ್ಕಾಲು ಅಲ್ಲೇ ಉದುರಿ ಮೂರೇ ತಲುಪುತ್ತದೆ. ವಾಯ್ಡ್ ಎಂದರೆ ಎಲೆಯ ದೊನ್ನೆಯಲ್ಲಿ ಕೊಟ್ಟ ಹಾಗೆ, ಮರಳಿಸುವ ಪ್ರಶ್ನೆಯೇ ಇಲ್ಲ. ಬಾಗಿಲಲ್ಲಿ ನಿಂತು ಬಟ್ಟಲು ಇಸಿದುಕೊಳ್ಳುವವರು ಇಲ್ಲದಿದ್ದರೆ ಒಳಗಿದ್ದುದು ವ್ಯರ್ಥ. ಆದ್ದರಿಂದ ಕರೆದವನು ಬಂದ ಮೌಲ್ಯವನ್ನು ಒಂದು ಹೆಸರಿನಲ್ಲಿ ಹಿಡಿದಿಟ್ಟುಕೊಳ್ಳಬೇಕು.

ಕಿಟಕಿಯ ಹೊರಗೆ ಹಣಮಂತರಾಯರು ಪ್ರತಿಯೊಂದು ಮಾತನ್ನೂ ತೂಗಿ ನೋಡಿದರು. ಒಂದೂ ತಪ್ಪಿರಲಿಲ್ಲ. ದಶಾಂಶದ ಭಾಗ ಉದುರಿಹೋಗುವುದನ್ನು ಅವರು ವರ್ಷಗಟ್ಟಲೆ ಕಲಿಸಿದ್ದರು. ಒಂದು ಮಗುವಾದರೂ ನಕ್ಕಿರಲಿಲ್ಲ. ಒರೆಸುವ ಬಟ್ಟೆ ಅವರ ಮುಷ್ಟಿಯಲ್ಲಿ ಮುದ್ದೆಯಾಯಿತು.

ಅವರ ಪತ್ನಿ ಸುಗಲಮ್ಮನವರಿಗೆ ಇದೆಲ್ಲ ಕಾಣುತ್ತಿತ್ತು. ಬಳಗದ ಹೆಣ್ಣುಮಕ್ಕಳೊಂದಿಗೆ ಅವರೂ ಒಂದು ಭಾನುವಾರ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬಂದರು. ಸಂಜೆ ಗಂಡನಿಗೆ ಚಹಾ ಕೊಡುತ್ತ, ಫಂಕ್ಷನ್ ಎಂದರೆ ಏನೆಂದು ತಾವೇ ಹೇಳತೊಡಗಿದರು.

"ಒಳಗ ಏನರ ಮಾಡ್ಕೋಲಿ, ಕಡೀಕ ಒಂದ ಬಟ್ಟಲ ಹೊರಗ ಕೊಡತೈತಿ. ಇಷ್ಟ ಏನ್ರಿ ನೀವು ಬಾಲಾನಗರದಾಗ ಜೀವಮಾನ ಎಲ್ಲಾ ಮಾಡಿದ್ದು?"

"ಇಷ್ಟ ಅಲ್ಲ."

"ಮತ್ತೇನೈತಿ?"

ಅವರು ಪ್ರೊಸೆಸರಿನ ಮೂಲೆಯಿಂದ ಆರಂಭಿಸಿದರು. ಸುಗಲಮ್ಮನವರು ಸ್ವಲ್ಪ ಹೊತ್ತು ಕೇಳಿ, ಒಲೆಯ ಮೇಲೆ ಬೇಳೆ ಇದೆಯೆಂದು ಎದ್ದು ಹೋದರು. ನಾಲ್ಕು ದಶಕದ ಸಂಸಾರದಲ್ಲಿ ತಮ್ಮ ಕೆಲಸವನ್ನು ಹೆಂಡತಿಗೆ ತಿಳಿಸಿಕೊಟ್ಟವಳು ಬೇರೊಬ್ಬಳಾದಳಲ್ಲ ಎಂದು ಹಣಮಂತರಾಯರಿಗೆ ಅಂದು ಚಹಾ ಕೂಡ ಕಹಿಯಾಯಿತು. ಆದರೂ ಅವರು ದಾನೇಶ್ವರಿಯವರ ಪಾಠದ ವಿರುದ್ಧ ಯಾರ ಮುಂದೆಯೂ ಏನನ್ನೂ ಹೇಳಲಿಲ್ಲ. ಹೇಳಲು ಏನೂ ಸಿಗದಿದ್ದುದೇ ದೊಡ್ಡ ಸಂಕಟವಾಗಿತ್ತು.

ಶನಿವಾರದ ಪಾಠವನ್ನು ಅವರು ಇನ್ನಷ್ಟು ಬಿಗಿ ಮಾಡಿದರು. ಹೀಗಿದ್ದರೆ ಹಾಗೆ ಮಾಡು ಎಂಬ ಷರತ್ತುಗಳ ಪಾಠದ ದಿನ ಹಲಗೆಯ ತುಂಬ ದೊಡ್ಡ ಅಕ್ಷರಗಳಲ್ಲಿ ಬರೆದರು: ಸೊನ್ನೆ ಎಂದರೆ ಸುಳ್ಳು, ಸೊನ್ನೆಯಲ್ಲದ್ದೆಲ್ಲ ನಿಜ. ಷರತ್ತಿನ ಮಟ್ಟಿಗೆ ಇದು ಅಕ್ಷರಶಃ ಸರಿ. ಪ್ರೋಗ್ರಾಮಿನ ಮುಖ್ಯ ಫಂಕ್ಷನ್ ಆದ ಮೇನ್ ಏನನ್ನು ಮರಳಿ ಕೊಡುತ್ತದೆಂಬ ಮಾತನ್ನು ಅವರು ಕೊನೆಯ ಪಾಠಕ್ಕೆಂದು ಮುಂದೂಡಿದ್ದರು. ಅಲ್ಲಿಯವರೆಗೆ ಮೇನ್‌ನಲ್ಲಿ ರಿಟರ್ನ್ ಬರೆಯುವುದೇ ಬೇಡ, ೧೯೯೯ರ ನಂತರದ ನಿಯಮದಂತೆ ಬರೆಯದಿದ್ದರೂ ನಡೆಯುತ್ತದೆ, ಆ ರಿಯಾಯಿತಿ ಮೇನ್ ಒಂದಕ್ಕೇ ಎಂದು ಹೇಳಿದ್ದರು. ಇದೂ ಸರಿ. ಇತ್ತ ಭಾನುವಾರ ದಾನೇಶ್ವರಿಯವರು, ಮೇನ್ ಶನಿವಾರದ ಪಾಲಿನ ವಿಷಯ, ತಾವು ಮುಟ್ಟುವಂತಿಲ್ಲವೆಂದು, ಅದನ್ನು ಮನೆಯಿಂದಲೇ ಸಿದ್ಧಮಾಡಿ ತಂದು ಕಂಪ್ಯೂಟರುಗಳಲ್ಲಿ ಹಾಕಿರುತ್ತಿದ್ದರು. ಮಕ್ಕಳು ಅದಕ್ಕೆ ಬೇಕಾದ ಉಳಿದ ಫಂಕ್ಷನ್ನುಗಳನ್ನಷ್ಟೇ ಬರೆಯುತ್ತಿದ್ದರು. ಹೀಗೆ ಮೇನ್‌ನ ಕೊನೆಯ ಸಾಲನ್ನು ಆ ಮಕ್ಕಳು ಒಮ್ಮೆಯೂ ಸ್ವಂತ ಕೈಯಿಂದ ಬರೆಯಲಿಲ್ಲ. ಇಬ್ಬರ ಪಾಠದ ನಡುವೆ ಹಣಮಂತರಾಯರು ಎಬ್ಬಿಸಿದ್ದ ಗೋಡೆ ಇತ್ತು. ಆ ಸಾಲು ಗೋಡೆಯ ಬುಡದಲ್ಲಿ ಉಳಿದುಬಿಟ್ಟಿತು.

ಜನವರಿಯಲ್ಲಿ ಉಪ್ಪಲ್‌ನ ಒಂದು ಕಂಪನಿ ತರಬೇತಿ ನೌಕರಿಗಾಗಿ ಪರೀಕ್ಷೆ ನಡೆಸಿತು. ಸಿ ಭಾಷೆಯಲ್ಲಿ ಸಣ್ಣ ಸಣ್ಣ ಪ್ರೋಗ್ರಾಂ ಬರೆಯಬೇಕು. ಮೌಲ್ಯಮಾಪನ ಮಾಡುವುದೂ ಕಂಪ್ಯೂಟರೇ. ತರಗತಿಯಿಂದ ಹೋದವರೆಲ್ಲ ನಾಪಾಸಾದರು. ಒಬ್ಬರಿಗೂ ಒಂದು ಪ್ರಶ್ನೆಗೂ ಅಂಕ ಬಂದಿರಲಿಲ್ಲ. ಗಾರೆ ಕೆಲಸದವರ ಮಗಳಾದ ಶರ್ವರಿ ಧೈರ್ಯ ಮಾಡಿ ಕಂಪನಿಗೆ ಫೋನು ಹಚ್ಚಿ ಕೇಳಿದಾಗ, ನಿಮ್ಮ ಉತ್ತರಗಳು ಸರಿಯಾಗಿಯೇ ಮೂಡಿವೆ, ಆದರೆ ನಿಮ್ಮ ಪ್ರತಿಯೊಂದು ಪ್ರೋಗ್ರಾಮೂ ತಾನು ಕೆಟ್ಟುಹೋದೆನೆಂದು ಹೇಳಿ ಮುಗಿದಿದೆ, ಆದ್ದರಿಂದ ಯಂತ್ರ ಅಂಕ ಕೊಟ್ಟಿಲ್ಲ ಎಂದು ಅಲ್ಲಿಯವರು ತಿಳಿಸಿದರು. ಎಲ್ಲರೂ ಮೇನ್‌ನ ಕೊನೆಗೆ ಒಂದು ಎಂಬ ಅಂಕಿಯನ್ನು ಮರಳಿಸಿದ್ದರು.

ಸಮಿತಿ ಸೇರಿತು. ದಾನೇಶ್ವರಿಯವರನ್ನೂ ಕರೆದಿದ್ದರು, ತಜ್ಞರೆಂದು ಹಣಮಂತರಾಯರನ್ನೂ ಕರೆದಿದ್ದರು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ತಪ್ಪು ಏನೆಂದು ಗುರುಬಸವರು ಕೇಳಿದಾಗ ಎದ್ದು ನಿಂತು ಹೇಳಿದರು. ಮೇನ್ ಕೂಡ ಒಂದು ಫಂಕ್ಷನ್ನೇ. ಅದರ ಉತ್ತರ ಹೋಗುವುದು ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮಿಗೆ. ಅಲ್ಲಿ ಸೊನ್ನೆ ಎಂದರೆ ಎಲ್ಲ ಸುಗಮವಾಯಿತೆಂದು. ಸೊನ್ನೆಯಲ್ಲದ ಅಂಕಿ ಎಂದರೆ ಏನೋ ಕೆಟ್ಟಿತೆಂದು, ಎಷ್ಟನೆಯ ಬಗೆಯ ಕೇಡೆಂಬುದನ್ನು ಆ ಅಂಕಿ ಸೂಚಿಸುತ್ತದೆಂದು ರೂಢಿ. ಕೇಡುಗಳು ಹಲವು ಬಗೆಯವು, ಸುಗಮವೆಂಬುದು ಒಂದೇ ಬಗೆಯದು. ಆದ್ದರಿಂದಲೇ ಅದಕ್ಕೆ ಸೊನ್ನೆ ಮೀಸಲು.

ಬಹಳ ದಿನಗಳ ನಂತರ ಎಲ್ಲರೂ ಅವರ ಮಾತನ್ನು ಕೇಳುತ್ತಿದ್ದರು. ದಾನೇಶ್ವರಿಯವರು ತಲೆ ತಗ್ಗಿಸಿ, ಬಟ್ಟಲನ್ನು ಬರಿದಾಗಿ ಕೊಡಬಾರದೆಂದು ತಾವು ಹೇಳಿದ್ದುಂಟು, ಮಕ್ಕಳು ಸೊನ್ನೆಯನ್ನು ಬರಿದೆಂದು ತಿಳಿದಿರಬೇಕು ಎಂದು ಒಪ್ಪಿಕೊಂಡರು. ನಿಜವಾಗಿ ಸೊನ್ನೆಯೂ ಒಂದು ಮೌಲ್ಯವೇ, ಬಟ್ಟಲಿನಲ್ಲಿಟ್ಟ ವಸ್ತುವೇ. ಅದನ್ನು ತಾವು ಬಿಡಿಸಿ ಹೇಳಬೇಕಿತ್ತು ಎಂದರು. ಹಣಮಂತರಾಯರ ಎದೆಯಲ್ಲಿ ಕುದಿಯುತ್ತಿದ್ದುದು ಆ ಕ್ಷಣ ತಣ್ಣಗಾಯಿತು. ಅವರು ದೊಡ್ಡಸ್ತಿಕೆಯಿಂದ, ತಪ್ಪು ಯಾರಿಂದಲೂ ಆಗುತ್ತದೆ, ತಮ್ಮ ಪಾಠವನ್ನೂ ಸಮಿತಿ ಪರಿಶೀಲಿಸಲಿ ಎಂದರು. ಅದು ಬರಿಯ ಉಪಚಾರದ ಮಾತು. ಆಡದೆ ಇದ್ದಿದ್ದರೆ ಚೆನ್ನಾಗಿತ್ತು.

ಗುರುಬಸವರು ನಕ್ಕು ಅವರ ಭುಜ ತಟ್ಟಿದರು. "ರಾಯರ, ನೀವ್ಯಾಕ ಚಿಂತಿ ಮಾಡ್ತೀರಿ? ಹುಡುಗರ್ನೆಲ್ಲಾ ಕೇಳೀನಿ. ನಿಮ್ಮ ಪಾಠ ಒಬ್ಬರಿಗೂ ನೆನಪಿಲ್ಲ. ನೆನಪಿಲ್ಲದ ಪಾಠದಿಂದ ತಪ್ಪು ಹೆಂಗ ಆಗತೈತ್ರಿ?"

ಸಮಿತಿಯವರು ನಕ್ಕರು. ಮಾತು ಹಾಗೆಯೇ, ಸ್ವಲ್ಪ ನಯಗೊಳಿಸಿ, ಠರಾವಿಗೆ ಸೇರಿತು: ಶನಿವಾರದ ಪಾಠವು ವಿದ್ಯಾರ್ಥಿಗಳ ಮೇಲೆ ಯಾವ ಪರಿಣಾಮವನ್ನೂ ಬೀರಿಲ್ಲವಾದ್ದರಿಂದ ಶ್ರೀ ಹಣಮಂತರಾಯರು ನಿರ್ದೋಷಿಗಳು. ಮಕ್ಕಳ ಮನಸ್ಸಿನಲ್ಲಿ ಉಳಿದಿರುವುದು ಶ್ರೀಮತಿ ದಾನೇಶ್ವರಿಯವರ ಪಾಠ ಮಾತ್ರವಾದ್ದರಿಂದ ಸಂಪೂರ್ಣ ಹೊಣೆ ಅವರದು.

ಹಣಮಂತರಾಯರು ಮನೆಗೆ ಬಂದು ಅಂಗಿ ಬಿಚ್ಚದೆ ಕುಳಿತರು. ಬೇಕೆಂದದ್ದು ಸಿಕ್ಕಿತ್ತು, ಭಾನುವಾರದ ಹಾಲಿಗೆ ಬೀಗ ಬಿದ್ದಿತ್ತು. ಆದರೂ ಸೋತವರು ತಾವೇ. ಆಕೆಯನ್ನು ಹೊರಗೆ ಹಾಕುವ ಠರಾವು ಕೂಡ ಆಕೆಯ ಪಾಠಕ್ಕೆ ಕೊಟ್ಟ ಪ್ರಶಸ್ತಿಪತ್ರದಂತಿತ್ತು. ಒಂದು ಪಾಠದಿಂದ ಇಡೀ ತರಗತಿ ಒಗ್ಗಟ್ಟಾಗಿ ತಪ್ಪು ಮಾಡಬೇಕಾದರೆ ಆ ಪಾಠ ಎಷ್ಟು ಆಳಕ್ಕೆ ಇಳಿದಿರಬೇಕು! ತಮ್ಮಿಂದ ಯಾವ ಮಗುವೂ ತಪ್ಪನ್ನಾದರೂ ಕಲಿಯಲಿಲ್ಲ. ಇಷ್ಟು ವರ್ಷ ಹಲಗೆಯ ಮುಂದೆ ನಿಂತದ್ದು ಯಾರ ತಲೆಗೂ ಹೋಗಿಲ್ಲವೆಂದು ಅಧ್ಯಕ್ಷರ ಸಹಿ ಬಿದ್ದಿತ್ತು.

ಮುಂದಿನ ಶನಿವಾರ ತರಗತಿ ಮುಗಿದ ಮೇಲೆ ಶರ್ವರಿಯನ್ನು ನಿಲ್ಲಿಸಿಕೊಂಡು, ಬರೆಯಬೇಡವೆಂದಿದ್ದ ಕಡೆ ಯಾಕೆ ಬರೆದಿರಿ, ಬರೆದರೂ ಒಂದೇ ಯಾಕೆ, ಎರಡೋ ಮೂರೋ ಯಾಕಲ್ಲ ಎಂದು ಕೇಳಿದರು. ಹುಡುಗಿ ಹಿಂದೆಮುಂದೆ ನೋಡಿದಳು. ಬಸ್ಸಿನಲ್ಲಿ ಹೋಗುವಾಗ ಎಲ್ಲರೂ ಕೂಡಿ ಮಾತನಾಡಿಕೊಂಡೆವು ಎಂದಳು. ಮೇನ್‌ನ ಹಿಂದೆಯೂ ಇಂಟ್ ಇದೆ, ಆದ್ದರಿಂದ ಬರಿ ಬಟ್ಟಲು ಕಳಿಸಬಾರದು, ಏನಾದರೂ ಹಾಕಲೇಬೇಕು ಎಂದು ತೀರ್ಮಾನಿಸಿದರಂತೆ. ಕೆಲವರು ಸೊನ್ನೆ ಹಾಕೋಣವೆಂದರಂತೆ. ಬೇಡವೆಂದವಳು ಅವಳೇ.

"ಯಾಕ ಬ್ಯಾಡಂದಿ?"

"ಸೊನ್ನಿ ಅಂದ್ರ ಸುಳ್ಳು ಅಂತ ನೀವ ಬರೆದಿದ್ರಲ್ರಿ ಸರ್, ಬೋರ್ಡ್ ತುಂಬ. ನಮ್ಮ ಉತ್ತರ ಸುಳ್ಳು ಅಂತ ನಾವ ಯಾಕ ಹೇಳೂಣ್ರಿ? ಅದಕ್ಕ ಒಂದು ಹಾಕಿದ್ವಿ, ನಿಜ ಅಂತ."

ಹಣಮಂತರಾಯರು ಅವಳನ್ನು ಅದೇ ಮಾತನ್ನು ಇನ್ನೊಮ್ಮೆ ಹೇಳುವಂತೆ ಕೇಳಿದರು. ಅವಳು ಬೈಸಿಕೊಳ್ಳುವ ಅಂಜಿಕೆಯಿಂದ ಮೆಲ್ಲಗೆ ಹೇಳಿದಳು. ಅವರಿಗೆ ತಮ್ಮದೇ ವಾಕ್ಯ, ಒಂದು ಅಕ್ಷರವೂ ಆಚೀಚೆಯಾಗದೆ, ಇನ್ನೊಬ್ಬರ ಬಾಯಿಂದ ಮರಳಿ ಬಂದದ್ದು ಕೇಳಿಸಿತು. ಮೇನ್‌ನ ಮಾತನ್ನು ಕೊನೆಗೆಂದು ಮುಂದೂಡಿದವರು ತಾವು. ಸೊನ್ನೆ ಸುಳ್ಳೆಂದವರು ತಾವು. ಆ ಸುಳ್ಳು ಷರತ್ತಿಗೆ ಮಾತ್ರ ಸೀಮಿತವೆಂದು ಹೇಳದೆ ಬಿಟ್ಟವರೂ ತಾವು. ಬಟ್ಟಲಿನ ಪಾಠ ಮಕ್ಕಳ ಕೈಯನ್ನು ಕೊನೆಯ ಸಾಲಿನವರೆಗೆ ತಂದಿತ್ತು. ಅಲ್ಲಿ ಆ ಕೈಯಿಂದ ಒಂದು ಎಂಬ ಅಂಕಿಯನ್ನು ಬರೆಯಿಸಿದ್ದು ಅವರ ಪಾಠ. ತಪ್ಪು ಮಾಡಿಸಿದ ತಲ್ಲಣಕ್ಕಿಂತ ಮೊದಲು ಅವರ ಮುಖದಲ್ಲಿ ಮೂಡಿದ್ದು ಹಿಗ್ಗು. ಸುಗಲಮ್ಮನವರ ಪ್ರಕಾರ ಅಂದು ರಾತ್ರಿ ಅವರು ಎರಡು ರೊಟ್ಟಿ ಹೆಚ್ಚು ಉಂಡರು.

ಮರುದಿನ ಅವರು ಉಪ್ಪಲ್‌ಗೆ ಹೋಗಿ ದಾನೇಶ್ವರಿಯವರ ಮನೆಯ ಬಾಗಿಲು ತಟ್ಟಿದರು. ಆಕೆ ಕುರ್ಚಿ ಹಾಕಿದರು, ನೀರು ಕೊಟ್ಟರು, ಮುಖ ಮಾತ್ರ ಸಡಿಲಿಸಲಿಲ್ಲ. ಅನುಕಂಪ ಹೇಳಲು ಬಂದಿದ್ದರೆ ಬೇಡವೆಂದರು. ಹಣಮಂತರಾಯರು ಶರ್ವರಿ ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ವರದಿ ಮಾಡಿದರು.

"ಕರುಣಾದಿಂದ ಬಂದಿಲ್ಲ ನಾ," ಎಂದರು. "ಅರ್ಧ ತಪ್ಪು ನಂದೈತಿ. ಅದನ್ನ ನೀವೊಬ್ಬರ ಇಟ್ಕೊಂಡ್ರ ನಾ ಬಿಡಾಂವ ಅಲ್ಲ."

ದಾನೇಶ್ವರಿಯವರು ಅವರನ್ನೇ ನೋಡಿದರು. ಆಮೇಲೆ ನಗು ತಡೆಯಲಾಗಲಿಲ್ಲ. "ತಪ್ಪಿನ್ಯಾಗೂ ಪಾಲು ಕೇಳಾಕ ಬಂದ್ರೇನ್ರಿ, ಸರ್?"

"ಪಾಲು ಅಲ್ಲ. ನಂದ ಅದು."

"ನೀವು ಕಿಟಕಿ ಹೊರಗ ನಿಂದರೋದು ನನಗ ಕಾಣ್ತಿತ್ರಿ. ಒಂದ ದಿನ ಒಳಗ ಬಂದಿದ್ರ, ಬರಿ ಬಟ್ಟಲ ಬ್ಯಾರೆ, ಸೊನ್ನಿ ಬ್ಯಾರೆ ಅಂತ ನೀವ ಹೇಳ್ತಿದ್ರಿ."

"ನೀವರ ಶನಿವಾರ ಬರಬೇಕಿಲ್ಲೇನು?"

"ಬರಬಾರದು ಅಂತ ನೀವ ಬರೆಸಿದ್ರಲ್ರಿ."

ಉತ್ತರ ಕೊಡದೆ ಎದ್ದು ಹೋಗುವವರ ಬಗ್ಗೆ ಹಣಮಂತರಾಯರ ಅಭಿಪ್ರಾಯ ಗೊತ್ತೇ ಇದೆ. ಆದ್ದರಿಂದ ಕುಳಿತಲ್ಲಿಂದಲೇ, ಹೌದು, ಬರೆಸಿದ್ದೆ ಎಂದರು. ಆಮೇಲೆ, ಆ ಬಟ್ಟಲಿನ ಉಪಾಯ ನಿಮಗೆ ಹೇಗೆ ಹೊಳೆಯಿತೆಂದು, ಕೇಳಬಾರದೆಂದುಕೊಂಡಿದ್ದರೂ ಕೇಳಿಬಿಟ್ಟರು. ಪಾತ್ರೆ ತೊಳೆಯುತ್ತಿದ್ದಾಗ ಹೊಳೆಯಿತೆಂದು ಆಕೆ ಹೇಳಿದರು. ಅಷ್ಟೇ. ಹಿಂದಿರುಗುವ ಬಸ್ಸಿನಲ್ಲಿ ಅವರ ಅಸೂಯೆ ಹೋಗುವಾಗ ಎಷ್ಟಿತ್ತೋ ಅಷ್ಟೇ ಇತ್ತು. ಪಾತ್ರೆ ತೊಳೆಯುತ್ತ ಇಂಥದು ಹೊಳೆಯುವವರ ಮೇಲೆ ಅದು ಕಡಿಮೆಯಾಗುವ ಬಗೆಯಾದರೂ ಯಾವುದು?

ಗುರುಬಸವರಿಗೆ ಅವರು ಎಲ್ಲವನ್ನೂ ತಿಳಿಸಿದರು. ಗುರುಬಸವರು ಅಂಗಡಿಯಲ್ಲಿ ಗಿರಾಕಿಯನ್ನು ಬಿಟ್ಟು ಬಂದು, ತಪ್ಪು ನನ್ನದೆಂದು ಬರೆಯಿರಿ ಎನ್ನುವವರನ್ನು ತಾವು ಇದೇ ಮೊದಲು ಕಾಣು­ತ್ತಿರುವುದಾಗಿ ಹೇಳಿದರು. ಪಾಸಾದ ಠರಾವನ್ನು ತೆರೆಯಲಾಗದು. ಯುಗಾದಿಯ ಕಾರ್ಯಕ್ರಮದಲ್ಲಿ ರಾಯರಿಗೆ ಶಾಲು ಹೊದಿಸುವುದೆಂದು ಸಮಿತಿ ಒಪ್ಪಿದೆ, ಅದನ್ನು ಕೆಡಿಸಿಕೊಳ್ಳಬೇಡಿ ಎಂದರು.

"ಯಾರಿಗೂ ನೆನಪಿಲ್ಲದ ಪಾಠಕ್ಕ ಶಾಲು ಯಾಕ್ರಿ?" ಎಂದು ಕೇಳಿ ಹಣಮಂತರಾಯರು ಎದ್ದು ಬಂದರು. ಯುಗಾದಿಗೆ ಅವರು ಹೋಗಲಿಲ್ಲ. ಸಮಿತಿಯವರು ಶಾಲನ್ನು ಮನೆಗೆ ಕಳಿಸಿದಾಗ ಸುಗಲಮ್ಮನವರ ಕೈಯಲ್ಲಿ ಮರಳಿ ಕಳಿಸಿದರು.

ಅದಾಗಿ ವಾರಗಳೇ ಕಳೆದಿವೆ. ಭಾನುವಾರದ ಹಾಲಿಗೆ ಬೀಗವಿದೆ. ಶರ್ವರಿ ಮತ್ತು ಅವಳ ಜೊತೆಯವರು ಬರೆದ ಪ್ರೋಗ್ರಾಮುಗಳಲ್ಲಿ ಆ ಒಂದು ಸಾಲಿನ ಹೊರತು ಬೇರೆ ದೋಷವಿರಲಿಲ್ಲವೆಂದು ಹಣಮಂತರಾಯರೂ ದಾನೇಶ್ವರಿಯವರೂ ಪ್ರತ್ಯೇಕವಾಗಿ ಪರಿಶೀಲಿಸಿ ಹೇಳಿದ್ದಾರೆ. ಅದೇ ಕಂಪನಿ ಮಳೆಗಾಲದ ಆರಂಭಕ್ಕೆ ಮತ್ತೆ ಪರೀಕ್ಷೆ ನಡೆಸಲಿದೆ. ಅರ್ಧ ಪಾಠದಿಂದ ಒಮ್ಮೆ ಸೋತ ಮಕ್ಕಳನ್ನು, ಇನ್ನರ್ಧಕ್ಕೆ ಬೀಗ ಹಾಕಿ ಮತ್ತೊಮ್ಮೆ ಕಳಿಸುವುದು ಯಾವ ನ್ಯಾಯ?

ಆದ್ದರಿಂದ ಕುಷಾಯಿಗೂಡದ ಕನ್ನಡ ನೆರೆಹೊರೆ ಬಳಗದ ಅಧ್ಯಕ್ಷರೂ ಕಾರ್ಯಕಾರಿ ಸಮಿತಿಯ ಸಕಲ ಸದಸ್ಯರೂ ಗಮನಿಸಬೇಕು. ಫೆಬ್ರವರಿ ೧೮ರ ಠರಾವನ್ನು ನೀವು ಹಿಂತೆಗೆದುಕೊಳ್ಳಬೇಕು. ದಾನೇಶ್ವರಿಯವರನ್ನು ಗೌರವದಿಂದ, ನೀವೇ ಅವರ ಮನೆಗೆ ಹೋಗಿ ಕರೆತರಬೇಕು. ಒಬ್ಬರ ಪಾಠಕ್ಕೆ ಇನ್ನೊಬ್ಬರು ಕಾಲಿಡಬಾರದೆಂಬ ನಿಯಮವನ್ನು, ಅದು ಹಣಮಂತರಾಯರೇ ಬರೆಸಿದ್ದಾದರೂ, ಹೊಡೆದುಹಾಕಿ, ಮಕ್ಕಳು ಪರೀಕ್ಷೆಗೆ ಹೋಗುವ ಮುನ್ನ ಇಬ್ಬರನ್ನೂ ಒಂದೇ ಹಲಗೆಯ ಮುಂದೆ ನಿಲ್ಲಿಸಬೇಕು. ಮತ್ತು ಹೊಸ ಠರಾವಿನಲ್ಲಿ, ಸೊನ್ನೆ ಸುಳ್ಳೆಂದು ಕಲಿಸಿದವರು ಹಣಮಂತರಾಯರು, ವಿದ್ಯಾರ್ಥಿಗಳು ಅದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು, ಆದ್ದರಿಂದ ಅರ್ಧ ತಪ್ಪು ಅವರದು ಎಂದು ಸ್ಪಷ್ಟವಾಗಿ ಬರೆಯಬೇಕು. ಆ ವಾಕ್ಯ ದಾನೇಶ್ವರಿಯವರ ಹೆಸರಿಗಿಂತ ಮೊದಲು ಬರಬೇಕು. ಇದರಲ್ಲಾದರೂ ಅವರು ಎರಡನೆಯವರಾಗಲು ಸಿದ್ಧರಿಲ್ಲ.